ಗೋದಲಿಯ ಪಕ್ಕದ ಐವತ್ತು ತಾಸು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನನ್ನ ಮದುವೆಗೆ ನನ್ನ ಅಪ್ಪ ಹೇಳಿದ್ದು ಒಂದೇ ಸುಳ್ಳು. ಉಳಿದ ಒಂಬೈನೂರ ತೊಂಬತ್ತೊಂಬತ್ತನ್ನು ನಾನೇ ಹೇಳಬೇಕಾಯಿತು.

ಬಸವನ ಬಾಗೇವಾಡಿಯಿಂದ ಸಿಂದಗಿಗೆ ಸೊಸೆಯಾಗಿ ಬಂದಾಗ ನನಗೆ ಹದಿನೆಂಟು. ಮಾತುಕತೆಯ ದಿನ ಅಪ್ಪ, ಹುಡುಗಿ ಮ್ಯಾಟ್ರಿಕ್ ಪಾಸು ಎಂದುಬಿಟ್ಟಿದ್ದ. ಆಗಿನ್ನೂ ಫಲಿತಾಂಶ ಬಂದಿರಲಿಲ್ಲ. ಆತನಿಗೆ ಮಗಳ ಮೇಲೆ ಅಷ್ಟು ನಂಬಿಕೆ, ನನಗೆ ಗಣಿತದ ಮೇಲೆ ಅಷ್ಟೇ ಅಪನಂಬಿಕೆ. ಅಕ್ಷತೆ ಬಿದ್ದು ಎಂಟು ದಿನಕ್ಕೆ ಫಲಿತಾಂಶ ಬಂತು. ಗಣಿತದಲ್ಲಿ ನಾನು ನಪಾಸಾಗಿದ್ದೆ. ಅಷ್ಟರಲ್ಲಿ ಸಿಂದಗಿಯ ಓಣಿಯಲ್ಲಿ ನನಗೆ ‘ಮ್ಯಾಟ್ರಿಕ್ ಸೊಸಿ’ ಎಂದು ಹೆಸರು ಬಿದ್ದಾಗಿತ್ತು. ನೆರೆಯ ಹೆಂಗಸರು ತಾರು ಬಂದರೆ ನನ್ನ ಹತ್ತಿರ ತರುತ್ತಿದ್ದರು, ಔಷಧದ ಬಾಟಲಿ ತರುತ್ತಿದ್ದರು. ಮಾವನವರಂತೂ ತಮ್ಮ ದವಸದ ಅಡತಿ ಅಂಗಡಿಗೆ ಬಂದವರ ಮುಂದೆಲ್ಲ ನನ್ನ ಓದಿನ ಗುಣಗಾನ ಮಾಡುತ್ತಿದ್ದರು. ಗಂಟಲಲ್ಲಿ ಕಡುಬು ಸಿಕ್ಕಂತಾಗಿತ್ತು ನನ್ನ ಪಾಡು.

ಗಂಡನಿಗೆ ಮಾತ್ರ ಮೂರನೆಯ ತಿಂಗಳು ನಿಜ ಹೇಳಿದೆ. ಅವರು ಯಾವುದಕ್ಕೂ ಅಡ್ಡಗೋಡೆಯ ಮೇಲೆ ದೀಪ ಇಡುವ ಮನುಷ್ಯ. ಈ ಸಲ ಮಾತ್ರ ನೇರವಾಗಿ, “ಮತ್ತ ಕಟ್ಟು. ಯಾರ ಮುಂದೂ ಅನಬ್ಯಾಡ” ಎಂದರು. ಅಪ್ಪ ಬಾಗೇವಾಡಿಯಿಂದಲೇ ಫಾರ್ಮು ತುಂಬಿದ. ಮಾರ್ಚಿನಲ್ಲಿ ತವರಿಗೆ ಹೋಗುವ ನೆಪದಲ್ಲಿ ಬಿಜಾಪುರದಲ್ಲಿ ಪರೀಕ್ಷೆ ಬರೆದು ಬರುವುದು ಎಂದಾಯಿತು. ಎಲ್ಲ ಸರಿ, ಓದುವುದು ಯಾವಾಗ? ಹದಿನಾಲ್ಕು ಜನರ ಮನೆಯಲ್ಲಿ ಸೊಸೆಯ ಕೈ ಖಾಲಿ ಇದ್ದುದನ್ನು ಯಾರೂ ಕಂಡಿರಲಿಲ್ಲ. ರೇಖಾಗಣಿತದ ಪುಸ್ತಕ ನನ್ನ ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ, ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿತ್ತು.

ಆಗ ನಮ್ಮ ಮನೆಗೆ ಇಂಜಿನ್ ಬಂತು.

ಸಿಂದಗಿಗೆ ಕರೆಂಟು ಬಂದು ಒಂದೆರಡು ವರ್ಷವಾಗಿತ್ತು, ಆದರೆ ಅದು ಮನೆಯ ಅಳಿಯನ ಹಾಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾದಿನಿಯ ನಿಶ್ಚಯದ ದಿನ ಮುದ್ದೇಬಿಹಾಳದ ಬೀಗರು ಊಟಕ್ಕೆ ಕೂತಾಗಲೇ ಹೋಗಿಬಿಟ್ಟಿತು. ಕತ್ತಲಲ್ಲಿ ಯಾರೋ, “ಕೈ ಎಲ್ಲಿ, ಬಾಯಿ ಎಲ್ಲಿ ತಿಳೀವಲ್ದು, ಸಾವಕಾರ್ರ ಮನೀ ಊಟ” ಎಂದು ನಕ್ಕರು. ಮಾವನವರಿಗೆ ಆ ನಗು ಚುಚ್ಚಿತು. ವೈಶಾಖದ ಮದುವೆಯೊಳಗೆ ಸ್ವಂತ ಬೆಳಕು ಮಾಡಿಯೇ ತೀರುತ್ತೇನೆಂದು ಬಿಜಾಪುರಕ್ಕೆ ಹೋಗಿ ಡೀಸೆಲ್ ಇಂಜಿನ್ನನ್ನೂ ಅದಕ್ಕೆ ಪಟ್ಟಿ ಹಾಕಿ ತಿರುಗಿಸುವ ಡೈನಮೋವನ್ನೂ ತಂದರು. ದನದ ಮನೆಯಲ್ಲಿ ಒಂದು ಎತ್ತನ್ನು ಆಚೆ ಕಟ್ಟಿ, ಆ ಜಾಗದಲ್ಲಿ, ಮೇವು ಹಾಕುವ ಗೋದಲಿಯ ಪಕ್ಕದಲ್ಲಿ ಕಲ್ಲು ಹಾಸಿ ಕೂರಿಸಿದರು. ವಿಭೂತಿ, ಕುಂಕುಮ, ಕಾಯಿ ಎಲ್ಲ ಆಯಿತು. ಆಮೇಲೆ ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು.

“ಯವ್ವಾ, ಇದನ್ನ ಓದವರು ಈ ಮನ್ಯಾಗ ನೀ ಒಬ್ಬಾಕಿ. ಹೊಸಾ ಇಂಜಿನ್ನ ಹ್ಯಾಂಗ ಪಳಗಸಬೇಕು, ನೋಡಿ ಹೇಳು.”

ನಾನು ಸೆರಗು ಎಳೆದುಕೊಂಡು ಬಾಗಿಲ ಮರೆಯಲ್ಲೇ ನಿಂತು ಓದಿದೆ. ಮೊದಲ ಐವತ್ತು ತಾಸು ಎಚ್ಚರದಿಂದ ಓಡಿಸಬೇಕು, ಎಣ್ಣೆ ನೋಡುತ್ತಿರಬೇಕು, ಸದ್ದು ಬದಲಾದರೆ ನಿಲ್ಲಿಸಬೇಕು ಎಂದಿತ್ತು. ಅಷ್ಟನ್ನು ಹೇಳುವ ಹೊತ್ತಿಗೆ ನನ್ನ ತಲೆಯಲ್ಲಿ ಟ್ರಂಕಿನ ಪುಸ್ತಕ ಕಣ್ಣು ಬಿಟ್ಟಿತು. ನನ್ನ ಬಾಯಿ ತಾನಾಗಿಯೇ ಮುಂದೆ ಹೋಯಿತು.

“ಓಡೂ ಹೊತ್ತಿನಾಗ ಓದಾಕ ಬರೂವ್ರು ಒಬ್ರು ಪುಸ್ತಕ ಹಿಡ್ಕೊಂಡು ಬಾಜೂಕ ಕುಂದ್ರಬೇಕಂತ್ರಿ. ಅಲ್ಲಿ ಗದ್ದಲ ಇರಬಾರದಂತ. ದಿನಾ ಮೂರು ತಾಸು, ಒಂದ ಹೊತ್ತಿಗೆ. ಹತ್ತರಿಂದ ಒಂದರ ತನಕ ಚಲೋ ಅಂತ ಬರದಾರ.”

ಹತ್ತರಿಂದ ಒಂದು ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತು. ಅತ್ತೆ ಒಲೆಯ ಮುಂದಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. “ಇಂಜಿನ್ ಮಾಡಿದಾಂವಗ ನಮ್ಮ ಮನೀ ರೊಟ್ಟಿ ಹೊತ್ತು ಹ್ಯಾಂಗ ತಿಳೀತು?” ಎಂದು ಗೊಣಗಿ ಹಿಟ್ಟು ನಾದತೊಡಗಿದರು. ಆ ಮಾತನ್ನು ನಾನು ಆಗಲೇ ಕಿವಿಗೆ ಹಾಕಿಕೊಳ್ಳಬೇಕಿತ್ತು.

ಮಾವನವರದು ಒಂದೇ ಷರತ್ತು. ಎತ್ತುಗಳ ಹಲ್ಲು ನೋಡಿ ಬೆಲೆ ಕಟ್ಟುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಅವರೇ ಗುರು. ಎಳೆಯ ಹೋರಿಯನ್ನು ಪಳಗಿಸುವಾಗ ಮೊದಲು ಬರಿಯ ನೊಗ ಹೊರಿಸಿ ಊರು ಸುತ್ತಿಸುತ್ತಾರೆ. ಕುತ್ತಿಗೆ ಒಗ್ಗಿದ ಮೇಲೆ ಕೊರಡು, ಕೊನೆಗೆ ಬಂಡಿ. “ಕೂಸ ಐತಿ ಇದಿನ್ನೂ. ಐವತ್ತು ತಾಸು ಖಾಲಿ ತಿರಗಲಿ. ಒಂದ ಬಲ್ಬೂ ಹಚ್ಚಬ್ಯಾಡ್ರಿ” ಎಂದು ಡೈನಮೋದ ಪಟ್ಟಿಯನ್ನು ಬಿಚ್ಚಿ ಗೂಟಕ್ಕೆ ತೂಗುಹಾಕಿದರು. ಬಲ್ಬು ಹಚ್ಚಬೇಡಿ ಎನ್ನುವುದು ಅವರಿಗೆ ಬಾಯಿಪಾಠ. ಹೊರಗಿನಿಂದ ಬಂದೊಡನೆ ಬಲ್ಬನ್ನು ಮುಟ್ಟಿ, ಬೆಚ್ಚಗಿದ್ದರೆ ಇಷ್ಟು ಹೊತ್ತು ಯಾರು ಉರಿಸಿದಿರಿ ಎಂದು ಕೇಳುವ ಜೀವ ಅದು.

ಮರುದಿನ ಹತ್ತಕ್ಕೆ ಗಂಡ ಹ್ಯಾಂಡಲ್ ತಿರುಗಿಸಿ ಇಂಜಿನ್ ಚಾಲೂ ಮಾಡಿ ಅಂಗಡಿಗೆ ಹೋದರು. ನಾನು ಗೋದಲಿಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಕೂತೆ. ಒಂದು ಕಡೆ ಇಂಜಿನ್ ಟಕಟಕ, ಇನ್ನೊಂದು ಕಡೆ ಎತ್ತಿನ ಮೆಲುಕು, ನಡುವೆ ನಾನು. ಮದುವೆಯಾದ ಮೇಲೆ ಮೂರು ತಾಸು ಒಂದೇ ಕಡೆ ಕೂತದ್ದು ಅದೇ ಮೊದಲು. ಸುಖಕ್ಕೆ ಅಳು ಬರುವಂತಾಯಿತು. ಮುಗಿದ ತಾಸುಗಳನ್ನು ಇದ್ದಲಿನಿಂದ ಗೋಡೆಯ ಮೇಲೆ ಗೆರೆ ಎಳೆದು ಗುರುತು ಹಾಕುತ್ತಿದ್ದೆ.

ಮೊದಲೆರಡು ದಿನ ನಿಯತ್ತಿನಿಂದ ಇಂಜಿನ್ನಿನ ಪುಸ್ತಕವನ್ನೇ ಪೂರ್ತಿ ಓದಿದೆ. ಎರಡನೆಯ ದಿನ ಒಂದು ಸಾಲು ಸಿಕ್ಕಿತು. ಹೊಸ ಇಂಜಿನ್ನನ್ನು ಭಾರವಿಲ್ಲದೆ ಹೆಚ್ಚು ಹೊತ್ತು ಓಡಿಸಕೂಡದು, ಮೊದಲು ಸ್ವಲ್ಪ, ಆಮೇಲೆ ಅರ್ಧ, ಆಮೇಲೆ ಅದಕ್ಕೂ ಹೆಚ್ಚು ಭಾರ ಕೊಟ್ಟೇ ಪಳಗಿಸಬೇಕು ಎಂದು ದಪ್ಪ ಅಕ್ಷರದಲ್ಲಿತ್ತು. ಓದಿ ಪುಸ್ತಕ ಮುಚ್ಚಿದೆ. ಹೊಸ ಸೊಸೆ ಮಾವನ ಮಾತಿಗೆ ಎದುರಾಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಶುದ್ಧ ನೆಪ. ಭಾರ ಹಾಕುವುದೆಂದರೆ ಬಲ್ಬು ಹಚ್ಚಬೇಕು, ರೇಡಿಯೋ ಹಾಕಬೇಕು, ಜನ ಬಂದು ನಿಲ್ಲುತ್ತಾರೆ, ನನ್ನ ಮೂರು ತಾಸು ಸಂತೆಯ ಪಾಲಾಗುತ್ತದೆ. ಮೂರನೆಯ ದಿನ ಇಂಜಿನ್ನಿನ ಪುಸ್ತಕದೊಳಗೆ ರೇಖಾಗಣಿತ ಇಟ್ಟುಕೊಂಡು ಕೂತೆ.

ಎಂಟನೆಯ ದಿನದವರೆಗೆ ಸ್ವರ್ಗ. ಪೈಥಾಗೊರಸನ ಪ್ರಮೇಯ ನನಗೆ ಅರ್ಥವಾದದ್ದು ಶಾಲೆಯಲ್ಲಲ್ಲ, ದನದ ಮನೆಯಲ್ಲಿ. ಒಂದು ದಿನ ಮಾತ್ರ ಅವಸರದಲ್ಲಿ ಇಂಜಿನ್ನಿನ ಪುಸ್ತಕವನ್ನು ಎಲ್ಲೋ ಮರೆತು ಬರಿಯ ಗಣಿತದ ಪುಸ್ತಕದೊಂದಿಗೆ ಕೂತಿದ್ದೆ. ಗಮನಕ್ಕೆ ಬಂದಾಗ ಗಣಿತದ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಹುಡುಕಲು ಎದ್ದಾಗ ಇಂಜಿನ್ನಿನ ಪುಸ್ತಕ ದನದ ಮನೆಯ ಕಿಟಕಿಯಲ್ಲೇ ಇತ್ತು. ನಾನೇ ಇಟ್ಟು ಮರೆತಿರಬೇಕು ಎಂದುಕೊಂಡೆ.

ಒಂಬತ್ತನೆಯ ದಿನದ ಹೊತ್ತಿಗೆ ಇಂಜಿನ್ನಿನ ಬಣ್ಣ ಬದಲಾಯಿತು. ಹೊಗೆ ನೀಲಿಯಾಗಿ ದಟ್ಟವಾಯಿತು, ಹೊಗೆಯ ಕೊಳವೆಯ ಸಂದಿನಿಂದ ಕಪ್ಪು ಎಣ್ಣೆ ಜಿನುಗಿ ವಿಭೂತಿಯ ಮೇಲೆ ಇಳಿಯಿತು, ನಡುನಡುವೆ ಕೆಮ್ಮತೊಡಗಿತು. ಮಾವನವರು ಕಳವಳದಿಂದ ನೀರಿನ ಟಾಕಿಯನ್ನು ಎತ್ತಿನ ಬೆನ್ನು ಸವರುವ ಹಾಗೆ ಸವರಿದರು. “ಯಾರದೋ ಕಣ್ಣ ಬಿದ್ದೈತಿ” ಎಂದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಾಯಿತು, ಲಿಂಬೆಹಣ್ಣು ಕಟ್ಟಿದ್ದಾಯಿತು. ಮರುದಿನ ಇಂಜಿನ್ ಲಿಂಬೆಹಣ್ಣಿನ ಮೇಲೂ ಎಣ್ಣೆ ಕಾರಿತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಆ ಕಣ್ಣು ಯಾರದೆಂದು ನನಗೆ ಗೊತ್ತಿತ್ತು. ಮಾವನವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೇಳಿಬಿಡಲೇ ಎಂದು ಮೂರು ಸಲ ಬಾಗಿಲವರೆಗೆ ಹೋಗಿ ಮೂರು ಸಲ ಹಿಂದೆ ಬಂದೆ.

ತಾಳಿಕೋಟೆಯಿಂದ ಮಿಸ್ತ್ರಿಯನ್ನು ಕರೆಸಿದರು. ಶೇಂಗಾ ಗಿರಣಿಗಳ ಇಂಜಿನ್ನುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಹಿರಿಯ ಮುಸಲ್ಮಾನ. ಗಡ್ಡ ಬೆಳ್ಳಗೆ, ಉಗುರು ಕಪ್ಪಗೆ. ಕೊಳವೆಯ ಬಾಯಿಗೆ ಬೆರಳು ಹಾಕಿ ತೆಗೆದು ಮೂಸಿ ನೋಡಿದ.

“ಸಾವಕಾರ್ರ, ಇದರ ಮ್ಯಾಲ ಭಾರ ಎಷ್ಟ ಹಾಕೀರಿ?”

“ಭಾರ ಎಲ್ಲಿಂದ್ರಿ ಮಿಸ್ತ್ರಿ ಸಾಹೇಬ್ರ? ಇನ್ನೂ ಹೋರಿ ಐತಿ. ಬರೇ ನೊಗದಾಗ ತಿರಗಾಕತ್ತೈತಿ.”

ಮಿಸ್ತ್ರಿ ಬೆರಳನ್ನು ಅರಿವೆಗೆ ಒರೆಸಿಕೊಂಡ. “ಹೋರಿ ಬ್ಯಾರೆ, ಕಬ್ಬಿಣ ಬ್ಯಾರೆ ರೀ. ಇದರೊಳಗ ರಿಂಗ್ ಅದಾವ. ಭಾರ ಬಿದ್ರನ ಅವು ಸಿಲಿಂಡರಿನ ಗ್ವಾಡಿಗೆ ಒತ್ತಿ, ತಿಕ್ಕಿ, ಹೊಂದಿ ಕುಂದರತಾವ. ಖಾಲಿ ತಿರಗಿದ್ರ ಗ್ವಾಡಿ ಕನ್ನಡಿಯಂಗ ನುಣ್ಣಗಾಗತೈತಿ, ಎಣ್ಣಿ ಮ್ಯಾಲ ಏರತೈತಿ. ಪುಸ್ತಕದಾಗ ದಪ್ಪ ಅಕ್ಷರದಾಗ ಇರತೈತಲ್ರಿ ಇದು. ಯಾರ ಓದವರು?”

ದನದ ಮನೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಎತ್ತೂ ತಿರುಗಿತು ಎಂದು ನನ್ನ ನೆನಪು. ಮಿಸ್ತ್ರಿ ಪುಸ್ತಕವನ್ನು ತೆರೆದು, ತನಗೆ ಓದಲು ಬಾರದಿದ್ದರೂ ಸರಿಯಾಗಿ ಆ ಪುಟದ ಮೇಲೇ ಬೆರಳಿಟ್ಟು ಚಾಚಿದ. “ಓದವಾ ತಂಗಿ, ಎಲ್ಲಾರೂ ಕೇಳ್ಲಿ.”

ಓದಿದೆ. ಅರ್ಥವನ್ನೂ ಹೇಳಿದೆ.

“ಹಂಗಾರ ಇದನ್ನ ಮೊದಲ ಯಾಕ ಹೇಳಲಿಲ್ಲ?” ಮಾವನವರು ನೇರವಾಗಿ ನನ್ನನ್ನೇ ಕೇಳಿದರು.

ತಿಳಿಯಲಿಲ್ಲ ಎಂದರೆ ಮ್ಯಾಟ್ರಿಕ್ ಎಲ್ಲಿ ಹೋಯಿತು ಎನ್ನುತ್ತಾರೆ. ತಿಳಿದೂ ಹೇಳಲಿಲ್ಲ ಎಂದರೆ ಯಾಕೆ ಎನ್ನುತ್ತಾರೆ, ಅದರ ಹಿಂದೆ ಟ್ರಂಕು, ಅದರ ಹಿಂದೆ ಬಾಗೇವಾಡಿಯ ಅಪ್ಪ. ಆಗ ಬಾಗಿಲಿನಿಂದ ಅತ್ತೆಯ ದನಿ ಬಂತು.

“ಹೇಳಿದ್ಲು. ಎರಡನೇ ದಿನನ ನನ್ನ ಮುಂದ ಹೇಳಿದ್ಲು. ಮಾವನ ಮುಂದ ಸೊಸಿ ಹ್ಯಾಂಗ ಹೇಳ್ಬೇಕು? ನಾ ಹೇಳ್ಬೇಕಾಗಿತ್ತು. ಮರತೆ.”

“ಮರತಿ?”

“ಹೂಂ. ನೀವು ಹೋರಿ, ನೊಗ ಅಂತ ಊರ ತುಂಬ ಹೇಳ್ಕೋತ ಹೊಂಟಿದ್ರಿ. ನಡುವ ನನ್ನ ಮಾತ ಯಾರ ಕೇಳತಿದ್ರು?”

ಮಾವನವರು ಇಂಜಿನ್ನಿಗೆ ಕಟ್ಟಿದ ಲಿಂಬೆಹಣ್ಣನ್ನು ಸರಿಮಾಡತೊಡಗಿದರು. ಹೋರಿಯ ಮಾತು ತಮ್ಮದೇ ಆಗಿತ್ತಲ್ಲ. ಮಿಸ್ತ್ರಿ ಅತ್ತೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಗಡ್ಡದೊಳಗೆ ನಕ್ಕ. ಮೂರು ಹೆಣ್ಣುಮಕ್ಕಳ ತಂದೆ ಎಂದು ಆಮೇಲೆ ತಿಳಿಯಿತು.

“ಇನ್ನೂ ಕೈ ಮೀರಿಲ್ರಿ. ಎಣ್ಣಿ ಬದಲ್ ಮಾಡತೇನಿ. ನಾಳಿಂದ ಭಾರ ಕೊಡ್ರಿ, ಚಲೋತ್ನಂಗ ದುಡೀಲಿ. ಒಳಗಿನ ಜಿಡ್ಡೆಲ್ಲಾ ಸುಟ್ಟ ಹೋಗತೈತಿ.”

ಭಾರ ಎಲ್ಲಿಂದ ತರುವುದು? ಮನೆಯಲ್ಲಿದ್ದದ್ದು ಹನ್ನೊಂದು ಬಲ್ಬು, ಒಂದು ರೇಡಿಯೋ. ಅದು ಸಾಲದು ಎಂದ ಮಿಸ್ತ್ರಿ. ಹೀಗಾಗಿ ನಮ್ಮ ಮಾವನವರು, ಬೆಚ್ಚಗಿನ ಬಲ್ಬು ಕಂಡರೆ ಪಂಚಾಯಿತಿ ಕರೆಯುತ್ತಿದ್ದ ಮಾವನವರು, ಕರೆಂಟು ಉಣ್ಣುವ ಸಾಮಾನು ಹುಡುಕುತ್ತ ಓಣಿ ಓಣಿ ತಿರುಗಿದರು. ಮಾಮಲೇದಾರರ ಮನೆಯಿಂದ ಕರೆಂಟಿನ ಒಲೆ ಬಂತು, ಡಾಕ್ಟರರ ಮನೆಯಿಂದ ಇನ್ನೊಂದು ಒಲೆ ಮತ್ತು ಒಂದು ಇಸ್ತ್ರಿ. ನಡುಮಧ್ಯಾಹ್ನ ಹನ್ನೆರಡಕ್ಕೆ, ಅಂಗಳದಲ್ಲಿ ಕಣ್ಣು ಬಿಡಲಾಗದಷ್ಟು ಬಿಸಿಲಿರುವಾಗ, ಮನೆಯ ಹನ್ನೊಂದು ಬಲ್ಬೂ ಉರಿಯುತ್ತಿದ್ದವು. “ಹಚ್ಚ್ರಿ, ಇನ್ನೂ ಹಚ್ಚ್ರಿ” ಎಂದು ಮಾವನವರು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ಓಣಿಯ ಹೆಂಗಸರು ಪಾತ್ರೆ ತಂದು ಕರೆಂಟಿನ ಒಲೆಯ ಮೇಲೆ ಚಹಾ ಕಾಸಿದರು. ಕಾಸಿದ ಮೇಲೆ ಕುಡಿಯಲು ಯಾರಿಗೂ ಧೈರ್ಯವಿಲ್ಲ, ಒಳಗೆ ಕರೆಂಟು ಉಳಿದಿದ್ದರೆ? ಕೊನೆಗೆ ಅತ್ತೆ ಒಂದು ಬಟ್ಟಲು ಎತ್ತಿ ಕುಡಿದು, “ಸಕ್ಕರಿ ಕಡಿಮಿ ಆಗೈತಿ” ಎಂದ ಮೇಲೆ ಉಳಿದವರು ಮುಂದೆ ಬಂದರು. ಓಣಿಯ ರುಮಾಲುಗಳೆಲ್ಲ ಆ ದಿನ ಇಸ್ತ್ರಿ ಕಂಡವು. ಇಂಜಿನ್ ಮೊದಲು ತಿಣುಕಿತು, ಕರಿಹೊಗೆ ಉಗುಳಿತು. ಮೂರನೆಯ ದಿನಕ್ಕೆ ಹೊಗೆ ತಿಳಿಯಾಗಿ, ಟಕಟಕ ಹೋಗಿ ಡುಗುಡುಗು ಎನ್ನತೊಡಗಿತು.

ಆ ದಿನ ನಾನೇ ರೊಟ್ಟಿಗೆ ಕೂತೆ. ಅತ್ತೆ ಎದುರಿಗೆ ಕೂತು, ತಟ್ಟುವ ಕೈ ನಿಲ್ಲಿಸದೆ, ನನ್ನ ಮುಖ ನೋಡದೆ ಹೇಳಿದರು.

“ಆ ದಿನಾ ಇಂಜಿನ್ನದ ಪುಸ್ತಕ ಹಿಟ್ಟಿನ ಡಬ್ಬಿ ಮ್ಯಾಲಿತ್ತು. ಕೊಡಾಕಂತ ಬಂದೆ. ನಿನ್ನ ಕೈಯಾಗ ಇನ್ನೊಂದ ಪುಸ್ತಕ ಇತ್ತು. ಇಂಜಿನ್ನದ್ರಾಗ ಗಾಲಿ ಚಿತ್ರ ಅದಾವ. ನಿನ್ನದ್ರಾಗ ಬರೇ ಮೂರು ಮೂಲಿ ಚಿತ್ರ ಇದ್ದವು. ಕಿಡಕ್ಯಾಗ ಇಟ್ಟ ಬಂದೆ.”

ನನ್ನ ಕೈ ನಿಂತಿತು.

“ಪಾಸಾದಾಕಿ ಮತ್ಯಾಕ ಓದತಾಳ?”

ನಾನು ಅಳತೊಡಗಿದೆ. “ಅಳಬ್ಯಾಡ, ಹಿಟ್ಟಿನಾಗ ಬೀಳತಾವ. ನಿಮ್ಮಪ್ಪ ಒಂದ ಹೇಳಿದ, ನಾವೂ ಹೇಳೇವಿ. ನಿನ್ನ ಗಂಡಗ ಇಪ್ಪತ್ತೆರಡು ಅಂದಿದ್ವಿ. ಆಗ ಅವಗ ಇಪ್ಪತ್ತಾರು.” ರೊಟ್ಟಿಯನ್ನು ಹಂಚಿಗೆ ಹಾಕಿದರು. “ಅದಕ್ಕ ನನಗ ಸಿಟ್ಟಿಲ್ಲ. ಇಂಜಿನ್ನಿಂದು ಮುಚ್ಚಿಟ್ಟಿಯಲ್ಲ, ಅದಕ್ಕ ಸಿಟ್ಟೈತಿ. ಈ ಮನ್ಯಾಗ ಕಣ್ಣಿದ್ದಾಕಿ ನೀ ಒಬ್ಬಾಕಿ. ಕಂಡದ್ದ ನೀನ ಹೇಳಲಿಲ್ಲಂದ್ರ ಕುರುಡರು ನಾವೇನ ಮಾಡೂಣು?”

ಆ ಮಾತು ನನಗೆ ಹೊಡೆತಕ್ಕಿಂತ ಹೆಚ್ಚು ಬಿತ್ತು. ತಪ್ಪಾತ್ರಿ ಎಂದೆ. ಅತ್ತೆ ರೊಟ್ಟಿ ಮಗುಚುತ್ತ, ಪರೀಕ್ಷೆ ಯಾವಾಗ ಎಂದು ಕೇಳಿದರು.

ಐವತ್ತು ತಾಸಿನ ಗೆರೆಗಳು ಮುಗಿದಾಗ ಪರೀಕ್ಷೆಗೆ ಇನ್ನೂ ಹತ್ತು ದಿನವಿತ್ತು, ಸಮೀಕರಣಗಳನ್ನು ನಾನು ಮುಟ್ಟಿಯೂ ಇರಲಿಲ್ಲ. ಮಾವನವರು ಊಟಕ್ಕೆ ಕೂತಾಗ ಅತ್ತೆ ಮಜ್ಜಿಗೆ ಹಾಕುತ್ತ ಅಂದರು.

“ಇನ್ನೂ ಇಪ್ಪತ್ತು ತಾಸು ಓಡಸಬೇಕಂತ ಪುಸ್ತಕದಾಗ ಬರದೈತಿ.”

“ಐವತ್ತ ಅಂದಿದ್ಲಲ್ಲ?”

“ಖಾಲಿ ಓಡಿದ ತಾಸು ಲೆಕ್ಕಕ್ಕ ಹಿಡಿಯಂಗಿಲ್ಲಂತ.”

ಓದಲು ಬಾರದ ಹೆಂಗಸು, ಕಣ್ಣು ಮಿಟುಕಿಸಲಿಲ್ಲ. ನಾನು ಹೇಳಿದ ಅಷ್ಟೂ ಸುಳ್ಳುಗಳಲ್ಲಿ ಇದರ ಸಮಕ್ಕೆ ಬರುವುದು ಒಂದೂ ಇರಲಿಲ್ಲ. ಮಾವನವರು ಯೋಚಿಸಿ, “ಖರೇ ಐತಿ. ಎತ್ತಿಗೂ ಹಂಗ” ಎಂದು ಒಪ್ಪಿದರು. ಆ ಇಪ್ಪತ್ತು ತಾಸು ಬಲ್ಬುಗಳು ಉರಿಯುತ್ತಿರುವಾಗ ನಾನು ಲೆಕ್ಕ ಮಾಡಿದೆ. ಅತ್ತೆ ದನದ ಮನೆಯ ಹೊಸ್ತಿಲ ಮೇಲೆ ತೊಗರಿಬೇಳೆ ಹಸನು ಮಾಡುತ್ತ ಕೂತು, ಇಣುಕಲು ಬಂದವರನ್ನೆಲ್ಲ ಮೊರ ತೋರಿಸಿ ಅಟ್ಟಿದರು. ಬಿಸಿಲು ಜೋರಾಗುವ ಮುಂಚೆ ಸೊಸೆ ತವರಿಗೆ ಹೋಗಿಬರಲಿ ಎಂದು ಹೊರಡಿಸಿದವರೂ ಅವರೇ.

ವೈಶಾಖದಲ್ಲಿ ಮದುವೆಯಾಯಿತು. ಹಾಳು ಕರೆಂಟು ಆ ಎರಡು ದಿನ ಒಂದು ಕ್ಷಣವೂ ಹೋಗಲಿಲ್ಲ. ಮುದ್ದೇಬಿಹಾಳದ ಬೀಗರು ಊಟಕ್ಕೆ ಕೂತಾಗ ಮಾವನವರು ಚಡಪಡಿಸಿ, ಕೊನೆಗೆ ತಾವೇ ಒಳಗೆ ಹೋಗಿ ಫ್ಯೂಜು ಕಿತ್ತು ಬಂದರು. ಕತ್ತಲಾಯಿತು, ದನದ ಮನೆಯಿಂದ ಡುಗುಡುಗು ಎದ್ದಿತು, ಬಲ್ಬುಗಳು ಮೆಲ್ಲಗೆ ಕಣ್ಣು ಬಿಟ್ಟವು. ಬೀಗರು ಎಲೆಯ ಮುಂದೆ ಬಾಯಿ ತೆರೆದು ಕೂತಿದ್ದರು. ಮಾವನವರು, “ಏನಿಲ್ರಿ, ಮನೀ ಇಂಜಿನ್” ಎಂದು ಹೋಳಿಗೆ ಬಡಿಸುವವರನ್ನು ಕರೆದರು.

ಜೂನಿನಲ್ಲಿ ಅಪ್ಪನ ಕಾರ್ಡು ಬಂತು. ಪಾಸಾಗಿದ್ದೆ. ಆದರೆ ಯಾರಿಗೆ ಹೇಳುವುದು? ಆ ಮನೆಯಲ್ಲಿ ನಾನು ಮೊದಲೇ ಪಾಸಾದವಳು. ಗಂಡ ಕಾರ್ಡನ್ನು ಎರಡು ಸಲ ಓದಿ ಜೇಬಿಗೆ ಹಾಕಿಕೊಂಡರು. ಹಿತ್ತಲಲ್ಲಿ ಅತ್ತೆ, “ಏನಾತು?” ಎಂದರು. “ಆತ್ರಿ” ಎಂದೆ. ಅವರು ತಲೆದೂಗಿ ಕೊಡ ಎತ್ತಿಕೊಂಡು ಹೋದರು.

ಮರುದಿನ ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಮಂಗಳವಾರ, ಅಡುಗೆಮನೆಯಲ್ಲಿ ಹೂರಣ ಕುದಿಯಿತು. ಮಾವನವರು ಮೂಗು ಅರಳಿಸಿ, “ಇವತ್ತೇನ ಐತಿ?” ಎಂದರು.

“ಇಂಜಿನ್ನಿಗೆ ಎಡಿ,” ಅಂದರು ಅತ್ತೆ. “ಮದವ್ಯಾಗ ಮಾನ ಕಾದೈತಿ. ಒಂದ ಹೋಳಿಗಿ ಬ್ಯಾಡೇನು?”

ಮಾವನವರಿಗೆ ಹಿಗ್ಗು. ಮೊದಲ ಹೋಳಿಗೆಯನ್ನು ತಾವೇ ಒಯ್ದು ಗೋದಲಿಯ ಪಕ್ಕದಲ್ಲಿ ಇಟ್ಟು ಕೈ ಮುಗಿದು ಬಂದರು. ಎರಡನೆಯದನ್ನು ಅತ್ತೆ ಎಲ್ಲರ ಕಣ್ಣು ತಪ್ಪಿಸಿ ನನ್ನ ತಾಟಿಗೆ ಹಾಕಿ, ತುಪ್ಪ ಹರಿದು ಅಂಚು ದಾಟುವವರೆಗೆ ಹೊಯ್ದರು. ಅಷ್ಟರಲ್ಲಿ ಮಾವನವರು ನೋಡಿಯೇಬಿಟ್ಟರು.

“ಹಾಕು, ಆಕಿಗೆ ಇನ್ನೊಂದ ಹಾಕು. ಆಕಿ ಪುಸ್ತಕ ಓದಿದ್ದಕ್ಕನ ಅಲ್ಲ ಇಂಜಿನ್ ನಡದದ್ದು? ಮ್ಯಾಟ್ರಿಕ್ ಪಾಸಾಗೂದಂದ್ರ ಸುಮ್ಮನ ಅಲ್ಲ.”

“ಸುಮ್ಮನ ಅಲ್ಲ ಬಿಡ್ರಿ,” ಎಂದರು ಅತ್ತೆ, ಇನ್ನೊಂದು ಹೋಳಿಗೆ ಹಾಕಿದರು.